ಗೊಬ್ಬರದ ರಾಶಿಗೆ ಜ್ವರ ನೋಡೋ ಪುಟ್ಟ ಕಂಪ್ಯೂಟರ್: ರಾಸ್ಪ್‌ಬೆರಿ ಪೈ ಶುರು ಮಾಡೋದು ಹೀಗೆ

ಕಾಂಪೋಸ್ಟ್ ರಾಶಿ ಸರಿಯಾಗಿ ಬಿಸಿ ಆಗಿದೆಯಾ ಅಂತ ತಿಳಿಯೋಕೆ ನಮ್ಮ ಹಿರಿಯರ ಹತ್ರ ಒಂದು ಸುಲಭದ ಉಪಾಯ ಇದೆ. ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು, ಕೈಯಲ್ಲಿ ಹಿಡಿದು ನೋಡೋದು. ಹಿಡಿಯೋಕೆ ಆಗದಷ್ಟು ಬಿಸಿ ಇದ್ರೆ ಗೊಬ್ಬರ ಬೇಯ್ತಾ ಇದೆ ಅಂತ ಲೆಕ್ಕ. ಉಪಾಯ ಇವತ್ತಿಗೂ ಒಳ್ಳೆಯದೇ. ಆದರೆ ಕೈಗೆ 50 ಡಿಗ್ರಿಗೂ 60 ಡಿಗ್ರಿಗೂ ಇರೋ ವ್ಯತ್ಯಾಸ ಗೊತ್ತಾಗಲ್ಲ. ನಿನ್ನೆ ರಾತ್ರಿ ಎರಡು ಗಂಟೆಗೆ ಎಷ್ಟಿತ್ತು, ರಾಶಿಯ ಅಂಚಿನಲ್ಲಿ ಎಷ್ಟಿತ್ತು ಅನ್ನೋದನ್ನ ಸರಳು ಹೇಳಲ್ಲ.

ಸಾವಯವ ಕೃಷಿ ಮಾಡೋರಿಗೆ ಈ ಹತ್ತು ಡಿಗ್ರಿ ಸಣ್ಣ ವಿಷಯ ಅಲ್ಲ. ರಾಶಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಅಲ್ಲೇ ನಿಂತರೆ ಬಹುತೇಕ ಕಳೆ ಬೀಜಗಳು, ರೋಗಾಣುಗಳು ಸಾಯ್ತವೆ. ಅಲ್ಲಿಗೆ ಮುಟ್ಟದೆ ತಣ್ಣಗಾದರೆ ನಾವು ಹೊಲಕ್ಕೆ ಹೊತ್ತು ಹಾಕೋದು ಗೊಬ್ಬರದ ಜೊತೆ ಪಾರ್ಥೇನಿಯಂ ಬೀಜವನ್ನೂ, ಗೊಣ್ಣೆಹುಳುವನ್ನೂ. ರಾಸಾಯನಿಕ ಕಳೆನಾಶಕ ಹೊಡೆಯದವರಿಗೆ ಅದರ ಬೆಲೆ ಕಳೆ ತೆಗೆಯೋ ಆಳುಗಳ ಕೂಲಿಯಲ್ಲಿ ಗೊತ್ತಾಗುತ್ತೆ. ಅಮೆರಿಕದ ಸಾವಯವ ನಿಯಮದಲ್ಲಂತೂ ಸಾಲು ರಾಶಿ ಪದ್ಧತಿಗೆ ಲೆಕ್ಕವೇ ಇದೆ: 55ರಿಂದ 77 ಡಿಗ್ರಿ ನಡುವೆ 15 ದಿನ, ಆ ಅವಧಿಯಲ್ಲಿ ಕನಿಷ್ಠ ಐದು ಸಲ ಮಗುಚಬೇಕು. ಇದನ್ನ ದಾಖಲೆ ಸಮೇತ ತೋರಿಸಬೇಕು ಅಂದ್ರೆ ಕೈಯಲ್ಲಿ ಮುಟ್ಟಿ ನೋಡಿದ್ದು ಸಾಲಲ್ಲ.

ಈ ವಾರ ಹೇಳ್ತಿರೋದು ಇಂಥ ಕೆಲಸಕ್ಕೆ ಒದಗೋ ಒಂದು ಪುಟ್ಟ ಕಂಪ್ಯೂಟರ್ ಬಗ್ಗೆ. ಹೆಸರು ರಾಸ್ಪ್‌ಬೆರಿ ಪೈ.

ಏನಿದು?

ಒಂದೇ ಹಸಿರು ಬೋರ್ಡಿನ ಮೇಲೆ ಪ್ರೊಸೆಸರ್, ಮೆಮೊರಿ, ವೈಫೈ ಎಲ್ಲಾ ಕೂತಿರೋ ಪೂರ್ತಿ ಕಂಪ್ಯೂಟರ್ ಇದು. ಹಾರ್ಡ್ ಡಿಸ್ಕ್ ಇರಲ್ಲ. ಫೋನಿಗೆ ಹಾಕೋ ಮೈಕ್ರೋ ಎಸ್‌ಡಿ ಕಾರ್ಡೇ ಅದರ ಡಿಸ್ಕ್. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಜೊತೆಗಾರರು ಮಕ್ಕಳು ಕಂಪ್ಯೂಟರ್ ಬಿಚ್ಚಿ, ಕಟ್ಟಿ, ಪ್ರೋಗ್ರಾಂ ಬರೆದು ಕಲೀಲಿ ಅಂತ ಇದನ್ನ ಮಾಡಿದ್ರು. ಮೊದಲ ಬೋರ್ಡ್ ಮಾರಾಟಕ್ಕೆ ಬಂದಿದ್ದು 2012ರ ಫೆಬ್ರವರಿ 29ಕ್ಕೆ, 35 ಡಾಲರ್ ಬೆಲೆಗೆ. ಮಕ್ಕಳಿಗಿಂತ ಹೆಚ್ಚಾಗಿ ಕಾರ್ಖಾನೆಯವರು, ಹವ್ಯಾಸಿಗಳು, ಸಂಶೋಧಕರು ಇದನ್ನ ಹಿಡಿದುಕೊಂಡರು.

ಇದರಲ್ಲಿ ಓಡೋದು ಲಿನಕ್ಸ್. ಹೆಸರು ಕೇಳಿ ಗಾಬರಿ ಬೇಡ. ನಿಮ್ಮ ಜೇಬಿನಲ್ಲಿರೋ ಆಂಡ್ರಾಯ್ಡ್ ಫೋನಿನ ತಳಪಾಯವೂ ಲಿನಕ್ಸೇ. ಪೈಗೆ ಅಂತ ಇರೋ ರೂಪದ ಹೆಸರು ರಾಸ್ಪ್‌ಬೆರಿ ಪೈ ಓಎಸ್. ಡೆಬಿಯನ್ ಅನ್ನೋ ಹಳೇ, ಗಟ್ಟಿ ಲಿನಕ್ಸ್ ಮೇಲೆ ಕಟ್ಟಿದ್ದು. ಪೂರ್ತಿ ಉಚಿತ. ಲೈಸೆನ್ಸ್ ಇಲ್ಲ, ತಿಂಗಳ ಚಂದಾ ಇಲ್ಲ.

ಲ್ಯಾಪ್‌ಟಾಪ್‌ನಲ್ಲಿ ಇಲ್ಲದ ಒಂದು ಸೌಲಭ್ಯ ಇದರಲ್ಲಿದೆ. ಬೋರ್ಡಿನ ಅಂಚಿನಲ್ಲಿ 40 ಪಿನ್ನುಗಳ ಎರಡು ಸಾಲು. ಉಷ್ಣಾಂಶದ ಸೆನ್ಸರ್, ತೇವಾಂಶದ ಸೆನ್ಸರ್, ರಿಲೇ ಇವನ್ನೆಲ್ಲ ನೇರವಾಗಿ ಆ ಪಿನ್ನುಗಳಿಗೆ ಸಿಕ್ಕಿಸಬಹುದು. ರೈತನಿಗೆ ಇದು ಬೇಕಾಗೋದೇ ಈ ಪಿನ್ನುಗಳಿಗೋಸ್ಕರ.

ನಿಮಗೆ ನಿಜಕ್ಕೂ ಬೇಕಾ?

ದುಡ್ಡು ಬಿಚ್ಚೋಕೆ ಮುಂಚೆ ಇದನ್ನ ಯೋಚಿಸಿ. ಒಂದೇ ಒಂದು ಸೆನ್ಸರ್ ಓದಬೇಕು, ಬೇರೇನೂ ಬೇಡ ಅಂದ್ರೆ ಇಎಸ್‌ಪಿ32 ಥರದ ಮೈಕ್ರೋಕಂಟ್ರೋಲರ್ ಸಾಕು. ಅದು ಇನ್ನೂ ಅಗ್ಗ, ಕರೆಂಟೂ ಕಡಿಮೆ ತಿನ್ನುತ್ತೆ. ಪೈ ಕಂಪನಿಯದೇ ಪಿಕೋ ಅನ್ನೋ ಬೋರ್ಡ್ ಕೂಡ ಮೈಕ್ರೋಕಂಟ್ರೋಲರ್, ಅದರಲ್ಲಿ ಲಿನಕ್ಸ್ ಓಡಲ್ಲ. ಹೆಸರು ನೋಡಿ ಅದನ್ನ ತಂದುಬಿಡಬೇಡಿ.

ಪೈ ಬೇಕಾಗೋದು ಯಾವಾಗ ಅಂದ್ರೆ: ನಾಲ್ಕಾರು ಸೆನ್ಸರ್ ಒಟ್ಟಿಗೆ ಓದಬೇಕು, ತಿಂಗಳುಗಟ್ಟಲೆ ದಾಖಲೆ ತೋಟದಲ್ಲೇ ಇಟ್ಟುಕೊಳ್ಳಬೇಕು, ಫೋನಿನ ಬ್ರೌಸರ್‌ನಲ್ಲಿ ನೋಡಬೇಕು, ಮುಂದೆ ಕ್ಯಾಮೆರಾ ಸೇರಿಸಬೇಕು ಅನ್ನೋ ಆಸೆ ಇದ್ದಾಗ. ಇನ್ನೊಂದು ಕಾರಣಾನೂ ಇದೆ. ರೆಡಿಮೇಡ್ ಸ್ಮಾರ್ಟ್ ಕೃಷಿ ಪೆಟ್ಟಿಗೆಗಳಲ್ಲಿ ಹಲವಕ್ಕೆ ವರ್ಷ ವರ್ಷ ಚಂದಾ ಕಟ್ಟಬೇಕು. ನಿಮ್ಮ ತೋಟದ ಲೆಕ್ಕ ಅವರ ಸರ್ವರ್‌ನಲ್ಲಿರುತ್ತೆ. ಪೈನಲ್ಲಿ ಆ ಲೆಕ್ಕ ನಿಮ್ಮ ಕಾರ್ಡಿನಲ್ಲೇ ಇರುತ್ತೆ, ಕೆಟ್ಟರೆ ಬಿಚ್ಚಿ ನೋಡೋ ಹಕ್ಕೂ ನಿಮ್ಮದೇ.

ಯಾವುದು ತಗೋಬೇಕು? ಜೊತೆಗೆ ಏನೇನು?

ಹೊಲದ ಕೆಲಸಕ್ಕೆ ನಾನು ಹೇಳೋದು ಪೈ ಝೀರೋ 2 ಡಬ್ಲ್ಯೂ. 2021ರ ಅಕ್ಟೋಬರ್‌ನಲ್ಲಿ 15 ಡಾಲರ್‌ಗೆ ಬಂದ ಮಾದರಿ. ಗಾತ್ರ ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ. ಮೆಮೊರಿ 512 ಎಂಬಿ ಅಷ್ಟೇ, ಆದರೆ ಸೆನ್ಸರ್ ಓದೋಕೆ ಅದು ಧಾರಾಳ. ಸುಮ್ಮನೆ ಕೂತಾಗ ಸುಮಾರು 1 ವ್ಯಾಟ್ ಎಳೆಯುತ್ತೆ. ಇಡೀ ತಿಂಗಳು ಹಗಲು ರಾತ್ರಿ ಓಡಿದ್ರೂ ಒಂದು ಯೂನಿಟ್ ಆಗಲ್ಲ.

ಮನೇಲಿ ಮಕ್ಕಳು ಪರದೆ, ಕೀಬೋರ್ಡ್ ಹಾಕಿ ಕಲೀಲಿ ಅಂತಿದ್ರೆ ಮಾತ್ರ ಪೈ 4 ಅಥವಾ ಪೈ 5 ನೋಡಿ. ಅವಕ್ಕೆ ಡೆಸ್ಕ್‌ಟಾಪ್ ಸಲೀಸಾಗಿ ಓಡುತ್ತೆ. ಕನ್ನಡ ಅಕ್ಷರ ಕಾಣೋಕೆ ಗುಬ್ಬಿ, ನವಿಲು ಅನ್ನೋ ಮುಕ್ತ ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಸಿಗ್ತವೆ.

ಝೀರೋ 2 ಡಬ್ಲ್ಯೂ ಜೊತೆ ಬೇಕಾದ ಸಾಮಾನು:

- 32 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್, ಒಳ್ಳೆ ಬ್ರ್ಯಾಂಡಿನದು. ಸಂತೆಯಲ್ಲಿ ಸಿಗೋ ನಕಲಿ ಕಾರ್ಡು ತಿಂಗಳೊಳಗೆ ಕೈ ಕೊಡುತ್ತೆ.
- 5 ವೋಲ್ಟ್, 2.5 ಆಂಪಿಯರ್ ಅಡಾಪ್ಟರ್, ಮೈಕ್ರೋ ಯುಎಸ್‌ಬಿ ಪಿನ್ನಿನದು. ಹಳೇ ಫೋನ್ ಚಾರ್ಜರ್, ಸಣ್ಣ ವೈರು ಹಾಕಿದ್ರೆ ಬೋರ್ಡ್ ತಾನಾಗೇ ರೀಸ್ಟಾರ್ಟ್ ಆಗ್ತಾ ಇರುತ್ತೆ.
- ಡಿಎಸ್18ಬಿ20 ಅನ್ನೋ ಉಷ್ಣಾಂಶ ಸೆನ್ಸರ್, ಸ್ಟೀಲ್ ಕೊಳವೆಯಲ್ಲಿ ಮುಚ್ಚಿರೋ ನೀರು ನಿರೋಧಕ ರೂಪದ್ದು, ಮೂರು.
- 4.7 ಕಿಲೋ ಓಮ್ ರೆಸಿಸ್ಟರ್ ಒಂದು. ಬಣ್ಣದ ಪಟ್ಟಿ ಹಳದಿ, ನೇರಳೆ, ಕೆಂಪು.
- ಜಂಪರ್ ವೈರ್, ಬ್ರೆಡ್‌ಬೋರ್ಡ್, ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್.

ಬೋರ್ಡ್ ಕೊಳ್ಳುವಾಗ ಪಿನ್ನು ಬೆಸುಗೆ ಹಾಕಿರೋದನ್ನೇ ಕೇಳಿ. ಸಿಗಲಿಲ್ಲ ಅಂದ್ರೆ ಮೊಬೈಲ್ ರಿಪೇರಿ ಅಂಗಡಿಯವರು ಕಾಲು ಗಂಟೆಯಲ್ಲಿ ಹಾಕಿಕೊಡ್ತಾರೆ. ನನಗೆ ಎಲ್ಲಾ ಸೇರಿ ಮೂರೂವರೆ ಸಾವಿರದ ಆಸುಪಾಸು ಖರ್ಚಾಯ್ತು. ಬೋರ್ಡಿನ ರೇಟು ಏರಿಳಿಯುತ್ತೆ, ಅದಕ್ಕೆ ಎರಡು ಮೂರು ಕಡೆ ವಿಚಾರಿಸಿ. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದ್ರೆ ಸೆನ್ಸರ್, ವೈರು, ಬಾಕ್ಸ್ ಎಲ್ಲಾ ಒಂದೇ ಕಡೆ ಸಿಗುತ್ತೆ.

ಮೊದಲ ದಿನ: ಕಾರ್ಡ್ ತಯಾರಿ

ಇದೊಂದು ಹೆಜ್ಜೆಗೆ ಅರ್ಧ ಗಂಟೆ ಯಾರದಾದ್ರೂ ಲ್ಯಾಪ್‌ಟಾಪ್ ಬೇಕು. ಮಿಕ್ಕಿದ್ದೆಲ್ಲ ನಿಮ್ಮ ಫೋನಿನಲ್ಲೇ ಆಗುತ್ತೆ.

1. ಲ್ಯಾಪ್‌ಟಾಪ್‌ನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಅನ್ನೋ ಉಚಿತ ತಂತ್ರಾಂಶ ಹಾಕಿ. ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ.
2. ಕಾರ್ಡ್ ಸಿಕ್ಕಿಸಿ, ಬೋರ್ಡಿನ ಮಾದರಿ ಆರಿಸಿ. ಓಎಸ್ ಪಟ್ಟಿಯಲ್ಲಿ ಲೈಟ್ ಅನ್ನೋದನ್ನ ತಗೊಳ್ಳಿ. ಅದರಲ್ಲಿ ಡೆಸ್ಕ್‌ಟಾಪ್ ಇರಲ್ಲ, ಹಗುರ.
3. ಸೆಟ್ಟಿಂಗ್ಸ್‌ನಲ್ಲಿ ಕಂಪ್ಯೂಟರಿನ ಹೆಸರು ಕೊಡಿ. ಉದಾಹರಣೆಗೆ ಗೊಬ್ಬರ. ಬಳಕೆದಾರ ಹೆಸರು, ಗಟ್ಟಿ ಪಾಸ್‌ವರ್ಡ್ ಹಾಕಿ.
4. ವೈಫೈ ಹೆಸರು, ಪಾಸ್‌ವರ್ಡ್ ಹಾಕಿ, ದೇಶ ಭಾರತ ಅಂತ ಆರಿಸಿ. ಸಮಯ ವಲಯ ಏಷ್ಯಾ/ಕೋಲ್ಕತ್ತ.
5. ಎಸ್‌ಎಸ್‌ಎಚ್ ಆನ್ ಮಾಡಿ. ಫೋನಿನಿಂದ ಪೈ ಒಳಗೆ ಹೋಗೋ ಬಾಗಿಲು ಇದೇ. ಇದನ್ನ ಮರೆತರೆ ಮತ್ತೆ ಲ್ಯಾಪ್‌ಟಾಪ್ ಹುಡುಕಬೇಕಾಗುತ್ತೆ.
6. ಬರೆಯಲು ಒತ್ತಿ. ಕಾರ್ಡಿನಲ್ಲಿ ಮೊದಲಿದ್ದ ಫೋಟೋ ಎಲ್ಲಾ ಅಳಿಸಿಹೋಗುತ್ತೆ, ನೆನಪಿರಲಿ.

ಮನೇಲಿ ವೈಫೈ ಇಲ್ಲದವರು ಫೋನಿನ ಹಾಟ್‌ಸ್ಪಾಟ್ ಹೆಸರನ್ನೇ ಕೊಡಿ. ಒಂದೇ ಷರತ್ತು: ಝೀರೋ 2 ಡಬ್ಲ್ಯೂಗೆ 5 ಗಿಗಾಹರ್ಟ್ಜ್ ವೈಫೈ ಕಾಣಿಸಲ್ಲ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡನ್ನ 2.4ಕ್ಕೆ ಇಡಿ.

ಫೋನಿನಿಂದ ಒಳಗೆ ಹೋಗೋದು

ಕಾರ್ಡನ್ನ ಪೈಗೆ ಹಾಕಿ ಕರೆಂಟು ಕೊಡಿ. ಹಸಿರು ದೀಪ ಮಿಣುಕುತ್ತೆ. ಮೊದಲ ಸಲ ಕೆಲವು ನಿಮಿಷ ತಗೊಳ್ಳುತ್ತೆ, ಅವಸರಕ್ಕೆ ಪ್ಲಗ್ ಕೀಳಬೇಡಿ. ಫೋನಿನಲ್ಲಿ ಟರ್ಮಿಯಸ್ ಅಥವಾ ಟರ್ಮಕ್ಸ್ ಥರದ ಆ್ಯಪ್ ಹಾಕಿ. ಹಾಟ್‌ಸ್ಪಾಟ್‌ಗೆ ಸೇರಿದ ಸಾಧನಗಳ ಪಟ್ಟಿಯಲ್ಲಿ ನಿಮ್ಮ ಪೈ ಹೆಸರು, ಅದರ ಐಪಿ ನಂಬರು ನೋಡಿಕೊಂಡು, ಆ ನಂಬರಿಗೆ ಎಸ್‌ಎಸ್‌ಎಚ್ ಮಾಡಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆ ಮೇಲೆ ಚುಕ್ಕಿ ಕೂಡ ಬರಲ್ಲ. ಫೋನು ಕೆಟ್ಟಿಲ್ಲ, ಲಿನಕ್ಸ್ ರೂಢಿನೇ ಹಾಗೆ.

ಈಗ ನಿಮ್ಮ ಮುಂದೆ ಕಪ್ಪು ಪರದೆ. ಇಲ್ಲಿ ಮೊದಲಿಗೆ ಬೇಕಾಗೋ ಆಜ್ಞೆಗಳು ಬೆರಳೆಣಿಕೆಯಷ್ಟು. ಉಚ್ಚಾರಣೆ ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡೋದು ಇಂಗ್ಲಿಷ್ ಸಣ್ಣಕ್ಷರದಲ್ಲಿ.

- ಎಲ್‌ಎಸ್: ಈ ಫೋಲ್ಡರಿನಲ್ಲಿ ಏನೇನಿದೆ ತೋರಿಸು.
- ಸಿಡಿ: ಇನ್ನೊಂದು ಫೋಲ್ಡರಿಗೆ ಹೋಗು.
- ನ್ಯಾನೋ: ಫೈಲ್ ತೆರೆದು ಬರೆಯೋಕೆ.
- ಸುಡೋ: ಮುಂದೆ ಬರೋ ಕೆಲಸವನ್ನ ಯಜಮಾನನ ಅಧಿಕಾರದಲ್ಲಿ ಮಾಡು.
- ಸುಡೋ ಆಪ್ಟ್ ಅಪ್‌ಡೇಟ್, ಆಮೇಲೆ ಸುಡೋ ಆಪ್ಟ್ ಅಪ್‌ಗ್ರೇಡ್: ತಂತ್ರಾಂಶ ಹೊಸದು ಮಾಡು.
- ಸುಡೋ ಪವರ್‌ಆಫ್: ಸರಿಯಾಗಿ ಆಫ್ ಆಗು. ಇದು ಹೇಳದೆ ಪ್ಲಗ್ ಕಿತ್ತರೆ ಕಾರ್ಡಿನಲ್ಲಿರೋದು ಕೆಡಬಹುದು.

ಸೆನ್ಸರ್ ಜೋಡಣೆ

ವೈರು ಸಿಕ್ಕಿಸುವಾಗ ಪೈ ಆಫ್ ಇರಲೇಬೇಕು. ಎಸ್‌ಡಿ ಕಾರ್ಡ್ ಇರೋ ತುದಿಯಿಂದ ಪಿನ್ ಎಣಿಸಿ. ಒಳಸಾಲಿನ ಮೊದಲನೆಯದು 1, ಅದರ ಪಕ್ಕದ ಹೊರಸಾಲಿನದು 2, ಹೀಗೆ ಅಡ್ಡಡ್ಡ ಎಣಿಕೆ.

ಸೆನ್ಸರಿನ ಕೆಂಪು ವೈರು 1ನೇ ಪಿನ್ನಿಗೆ, ಅದು 3.3 ವೋಲ್ಟ್. ಕಪ್ಪು ವೈರು 6ಕ್ಕೆ, ಅದು ಗ್ರೌಂಡ್. ಹಳದಿ ವೈರು 7ಕ್ಕೆ. ಕೆಂಪು ಮತ್ತು ಹಳದಿ ನಡುವೆ ರೆಸಿಸ್ಟರ್. ಮೂರು ಸೆನ್ಸರ್ ಇದ್ರೂ ಪಿನ್ನು ಇವೇ ಮೂರು: ಕೆಂಪೆಲ್ಲ ಒಟ್ಟಿಗೆ, ಕಪ್ಪೆಲ್ಲ ಒಟ್ಟಿಗೆ, ಹಳದಿಯೆಲ್ಲ ಒಟ್ಟಿಗೆ, ರೆಸಿಸ್ಟರ್ ಒಂದೇ. ಪ್ರತಿ ಸೆನ್ಸರಿಗೂ ಕಾರ್ಖಾನೆಯಲ್ಲೇ ಬೇರೆ ಬೇರೆ ನಂಬರು ಕೊಟ್ಟಿರುತ್ತಾರೆ, ಅದರಿಂದ ಪೈ ಗುರುತಿಸುತ್ತೆ.

2 ಮತ್ತು 4ನೇ ಪಿನ್ನಿನಲ್ಲಿ 5 ವೋಲ್ಟ್ ಇದೆ. ಅದು ತಪ್ಪಿ ಹಳದಿ ವೈರಿನ ಪಿನ್ನಿಗೆ ಮುಟ್ಟಿದ್ರೆ ಬೋರ್ಡ್ ಸುಡಬಹುದು. ಪೈ ಪಿನ್ನುಗಳು ತಡೆಯೋದು 3.3 ವೋಲ್ಟ್ ಮಾತ್ರ.

ಆನ್ ಮಾಡಿ, ಸುಡೋ ರಾಸ್ಪಿ-ಕಾನ್ಫಿಗ್ ಅಂತ ಹೊಡೆದು, ಇಂಟರ್‌ಫೇಸ್ ಪಟ್ಟಿಯಲ್ಲಿ 1-ವೈರ್ ಆನ್ ಮಾಡಿ ರೀಸ್ಟಾರ್ಟ್ ಮಾಡಿ. ಈಗ ಸಿಸ್ಟಂ ಫೋಲ್ಡರಿನ ಒಳಗೆ 28- ಇಂದ ಶುರುವಾಗೋ ಮೂರು ಫೋಲ್ಡರ್ ಕಾಣಿಸ್ತವೆ, ಒಂದೊಂದು ಸೆನ್ಸರಿಗೆ ಒಂದು. ಒಳಗಿರೋ ಫೈಲಿನಲ್ಲಿ 58312 ಅಂತಿದ್ರೆ 58.312 ಡಿಗ್ರಿ ಅಂತ ಅರ್ಥ, ಸಾವಿರದಿಂದ ಭಾಗಿಸಬೇಕು ಅಷ್ಟೇ.

ಇದನ್ನ ತಾನಾಗೇ ದಾಖಲಿಸೋಕೆ ಹತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಸಾಕು: ಮೂರೂ ಫೈಲ್ ಓದು, ಸಾವಿರದಿಂದ ಭಾಗಿಸು, ದಿನಾಂಕ, ಸಮಯ, ಮೂರು ಅಂಕಿ ಅಲ್ಪವಿರಾಮ ಹಾಕಿ ಒಂದು ಫೈಲಿನ ಕೊನೆಗೆ ಸೇರಿಸು. ಫೋನಿನ ಎಐ ಆ್ಯಪ್‌ಗೆ ಇದೇ ಮಾತನ್ನ ಕನ್ನಡದಲ್ಲಿ ಹೇಳಿದ್ರೂ ಬರೆದುಕೊಡುತ್ತೆ. ಪಿನ್ ನಂಬರ್ ಮಾತ್ರ ಅದು ಹೇಳಿದ್ದನ್ನ ನಂಬದೆ ಮೇಲಿನ ವಿವರದ ಜೊತೆ ತಾಳೆ ನೋಡಿ. ಆ ಪ್ರೋಗ್ರಾಂ 15 ನಿಮಿಷಕ್ಕೊಮ್ಮೆ ಓಡಲಿ ಅಂತ ಕ್ರಾನ್‌ಟ್ಯಾಬ್ ಅನ್ನೋ ವೇಳಾಪಟ್ಟಿಯಲ್ಲಿ ಒಂದು ಸಾಲು ಸೇರಿಸಿ. ದಿನಕ್ಕೆ 96 ಸಾಲು. ಎರಡು ತಿಂಗಳ ದಾಖಲೆ ಸೇರಿದ್ರೂ ಒಂದು ವಾಟ್ಸಾಪ್ ಫೋಟೋದಷ್ಟು ಜಾಗ. ಫೈಲನ್ನ ಫೋನಿಗೆ ತಂದು ಶೀಟ್ಸ್ ಆ್ಯಪ್‌ನಲ್ಲಿ ತೆರೆದರೆ ಗ್ರಾಫ್ ರೆಡಿ.

ರಾಶಿಗೆ ಇಡೋಕೆ ಮುಂಚೆ ಪರೀಕ್ಷೆ

ಮಾರುಕಟ್ಟೆಯಲ್ಲಿ ಈ ಸೆನ್ಸರಿನ ನಕಲಿ ತುಂಬಾ ಇವೆ. ಲೋಟದಲ್ಲಿ ಪುಡಿ ಐಸು, ಸ್ವಲ್ಪ ನೀರು ಹಾಕಿ ಕಲಕಿ ಮೂರನ್ನೂ ಅದ್ದಿ. ಸೊನ್ನೆಯ ಆಸುಪಾಸು ಒಂದು ಡಿಗ್ರಿ ಒಳಗೆ ತೋರಿಸಬೇಕು. ಕುದಿಯೋ ನೀರಿನಲ್ಲಿ ನೋಡೋರು 100 ಬರಬೇಕು ಅಂದ್ಕೋಬೇಡಿ. ಬೆಂಗಳೂರಿನಷ್ಟು ಎತ್ತರದಲ್ಲಿ ನೀರು ಕುದಿಯೋದೇ ಸುಮಾರು 97ಕ್ಕೆ.

ಇನ್ನೊಂದು ಗುಟ್ಟು. ಅಂಕಿ ಸರಿಯಾಗಿ 85 ಅಂತ ಬಂದ್ರೆ ನಂಬಬೇಡಿ. ಸೆನ್ಸರ್ ಅಳತೆ ಮಾಡೋಕೆ ಆಗದೇ ಇದ್ದಾಗ, ಆನ್ ಆದ ಕೂಡಲೇ ಅದರಲ್ಲಿ ಇರೋ ಅಂಕಿ ಅದು. ವೈರು ಸಡಿಲ ಇದೆಯಾ ನೋಡಿ.

ಸ್ಟೀಲ್ ಕೊಳವೆಗೆ ವೈರು ಸೇರೋ ಜಾಗದಲ್ಲಿ ಎಂ-ಸೀಲ್ ಹಚ್ಚಿ. ಕಾಂಪೋಸ್ಟಿನ ಹಬೆ ಅಲ್ಲಿಂದಲೇ ಒಳಗೆ ಹೋಗೋದು. ಮಗುಚೋಕೆ ಮುಂಚೆ ಸೆನ್ಸರ್ ಹೊರಗೆ ತೆಗೀರಿ, ಇಲ್ಲಾಂದ್ರೆ ಗುದ್ದಲಿ ಏಟಿಗೆ ವೈರು ತುಂಡಾಗುತ್ತೆ. ಉದ್ದಕ್ಕೆ ಒಂದು ಬಿದಿರು ಕಡ್ಡಿಗೆ ಕಟ್ಟಿಟ್ಟರೆ ಚುಚ್ಚೋದು, ಕೀಳೋದು ಎರಡೂ ಸುಲಭ.

ಗ್ರಾಫ್ ಏನು ಹೇಳುತ್ತೆ?

ಒಂದು ಸೆನ್ಸರ್ ನಟ್ಟ ನಡುವೆ, ಒಂದು ಅಂಚಿನಿಂದ ಒಂದು ಗೇಣು ಒಳಗೆ, ಒಂದು ತಳದಲ್ಲಿ ಇಡಿ. ಒಳ್ಳೆ ರಾಶಿ ಎರಡರಿಂದ ನಾಲ್ಕು ದಿನದಲ್ಲಿ ನಡುವೆ 55 ದಾಟುತ್ತೆ. ಅಂಚು ಆಗಲೂ 40ರ ಹತ್ತಿರವೇ ಇರಬಹುದು. ಮಗುಚಬೇಕು ಅಂತ ಪುಸ್ತಕದಲ್ಲಿ ಓದಿದ್ದು ಯಾಕೆ ಅಂತ ಆ ಎರಡು ಗೆರೆ ನೋಡಿದಾಗ ಅರ್ಥ ಆಗುತ್ತೆ: ಅಂಚಿನ ಕಳೆ ಬೀಜ ಇನ್ನೂ ಬದುಕೇ ಇದೆ, ಅದು ನಡುವಿಗೆ ಬರಬೇಕು.

- ನಾಲ್ಕು ದಿನ ಆದ್ರೂ 45 ದಾಟಿಲ್ಲ: ರಾಶಿ ಒಣಗಿದೆ, ಇಲ್ಲವೇ ಒಣ ಕಸ ಹೆಚ್ಚಾಗಿ ಸಾರಜನಕ ಸಾಲ್ತಿಲ್ಲ, ಇಲ್ಲವೇ ರಾಶಿ ತೀರಾ ಚಿಕ್ಕದು. ಹಿಡಿ ತುಂಬ ಹಿಂಡಿ ನೋಡಿ. ಒಂದೆರಡು ಹನಿ ಬಂದ್ರೆ ತೇವ ಸರಿ. ತೇವ ಸರಿ ಇದ್ರೆ ಹಸಿ ಸಗಣಿ, ಗ್ಲಿರಿಸಿಡಿಯಾ ಸೊಪ್ಪು ಸೇರಿಸಿ.
- 70 ದಾಟಿದೆ: ಒಳ್ಳೆ ಜೀವಾಣುಗಳೂ ಸಾಯ್ತವೆ, ಸಾರಜನಕ ಅಮೋನಿಯಾ ಆಗಿ ಹಾರುತ್ತೆ. ಅವತ್ತೇ ಮಗುಚಿ, ನೀರು ಚಿಮುಕಿಸಿ.
- ಮಳೆ ಆದ ರಾತ್ರಿ ಏಕಾಏಕಿ ಇಳಿದಿದೆ: ನೀರು ಒಳಗೆ ಹೋಗಿ ಗಾಳಿ ಕಟ್ಟಿದೆ. ಬಿಚ್ಚಿ, ಒಣ ಹುಲ್ಲು ಬೆರೆಸಿ, ಮೇಲೆ ಹೊದಿಸಿ.
- ಮಗುಚಿದ ಮೇಲೆ ಮತ್ತೆ ಏರುತ್ತೆ: ತಿನ್ನೋಕೆ ಇನ್ನೂ ಆಹಾರ ಇದೆ, ಸರಿಯಾದ ದಾರಿಯಲ್ಲಿದೆ.
- ತೇವ ಸರಿ ಇದ್ದೂ ಮಗುಚಿದ ಮೇಲೆ ಏರ್ತಿಲ್ಲ: ಬೇಯೋ ಹಂತ ಮುಗಿದಿದೆ. ಇನ್ನು ಒಂದು ತಿಂಗಳಾದರೂ ಮಾಗೋಕೆ ಬಿಡಿ.

ಮೊದಲೆಲ್ಲ ನಾನು ದಿನ ಲೆಕ್ಕ ಹಾಕಿ ಮಗುಚ್ತಿದ್ದೆ. ಈಗ ಗೆರೆ ಇಳಿಯೋಕೆ ಶುರುವಾದಾಗ ಮಗುಚ್ತೀನಿ. ಬೇಡದ ದಿನ ಆಳು ಕರೆಯೋದು ತಪ್ಪಿದೆ.

ಹಳ್ಳಿಯಲ್ಲಿ ಬರೋ ತೊಂದರೆಗಳು

ಕರೆಂಟು ಹೋಗಿ ಬರೋದೇ ದೊಡ್ಡ ಶತ್ರು. ದಾಖಲೆ ಬರೆಯೋ ಹೊತ್ತಿಗೆ ಕರೆಂಟು ಹೋದ್ರೆ ಕಾರ್ಡ್ ಕೆಡಬಹುದು. ನಡುವೆ ಒಂದು ಪವರ್ ಬ್ಯಾಂಕ್ ಇಡಿ. 10,000 ಎಂಎಎಚ್‌ನದು ಝೀರೋ 2 ಡಬ್ಲ್ಯೂ ಅನ್ನು ಹೆಚ್ಚುಕಮ್ಮಿ ಒಂದು ದಿನ ಓಡಿಸುತ್ತೆ. ಕೆಲವು ಪವರ್ ಬ್ಯಾಂಕ್ ಚಾರ್ಜ್ ಆಗುವಾಗ ಹೊರಗೆ ಕೊಡಲ್ಲ, ಕೆಲವು ಸಣ್ಣ ಲೋಡ್ ಇದ್ರೆ ತಾವೇ ಆಫ್ ಆಗ್ತವೆ. ಮನೇಲಿರೋದನ್ನ ಮೊದಲು ಪರೀಕ್ಷಿಸಿ. ವಾರಕ್ಕೊಮ್ಮೆ ಫೈಲನ್ನ ಫೋನಿಗೆ ಕಾಪಿ ಮಾಡಿಕೊಳ್ಳೋದು ಅದಕ್ಕಿಂತ ದೊಡ್ಡ ವಿಮೆ.

ಝೀರೋ ಬೋರ್ಡಿನಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಇಂಟರ್‌ನೆಟ್ ಸಿಕ್ಕಿದಾಗಲೇ ಸಮಯ ಸರಿ ಮಾಡ್ಕೊಳ್ಳುತ್ತೆ. ನೆಟ್ ಇಲ್ಲದ ಜಾಗವಾದ್ರೆ ಡಿಎಸ್3231 ಅನ್ನೋ ಸಣ್ಣ ಗಡಿಯಾರ ಮಾಡ್ಯೂಲ್ ಸೇರಿಸಿ.

ಬಾಕ್ಸನ್ನ ನೆರಳಲ್ಲಿ ಇಡಿ, ವೈರು ಬರೋ ತೂತು ಕೆಳಮುಖವಾಗಿರಲಿ. ತೂತು ಮುಚ್ಚದಿದ್ರೆ ಇರುವೆ ಗೂಡು ಕಟ್ಟುತ್ತೆ, ಹಲ್ಲಿ ಮೊಟ್ಟೆ ಇಡುತ್ತೆ.

ಪಂಪ್‌ಸೆಟ್ ವಿಷಯಕ್ಕೆ ಒಂದು ಮಾತು

ಪೈ ಕೈಗೆ ಸಿಕ್ಕ ವಾರದಲ್ಲೇ ಎಲ್ಲರಿಗೂ ಬರೋ ಯೋಚನೆ, ಇದರಿಂದ ಮೋಟಾರ್ ಆನ್ ಮಾಡೋಣ ಅಂತ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ತ್ರೀ ಫೇಸ್ ಸ್ಟಾರ್ಟರಿನಲ್ಲಿ ಹರಿಯೋದು 415 ವೋಲ್ಟ್. ಅಂಗೈಯಲ್ಲಿ ಹಿಡಿಯೋ ನೀಲಿ ರಿಲೇ ಮೋಟಾರಿನ ಲೋಡ್ ತಡೆಯಲ್ಲ, ಅದರ ತಂತಿ ಜೋಡಿಸುವಾಗ ಒದ್ದೆ ಕೈಯಲ್ಲಿ ಒಂದು ತಪ್ಪಾದ್ರೆ ಪ್ರಾಣಕ್ಕೇ ಕುತ್ತು. ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಅಂತಲೇ ಸಿಗುತ್ತೆ, ಅದರಲ್ಲಿ ಫೇಸ್ ಹೋದಾಗ, ನೀರು ಒಣಗಿದಾಗ ನಿಲ್ಲಿಸೋ ರಕ್ಷಣೆ ಇರೋದನ್ನ ನೋಡಿ ತಗೊಳ್ಳಿ. ಪೈನಿಂದ ಏನಾದ್ರೂ ಚಾಲೂ ಮಾಡಬೇಕು ಅಂದ್ರೆ 12 ವೋಲ್ಟಿನ ಸಣ್ಣ ಫ್ಯಾನ್, ಮಿಸ್ಟ್ ಪಂಪಿನಿಂದ ಕಲೀರಿ. ಅದಕ್ಕಿಂತ ಮೇಲಿನದಕ್ಕೆ ಎಲೆಕ್ಟ್ರಿಷಿಯನ್ ಜೊತೆಗಿರಲಿ.

ಗೊಬ್ಬರದಲ್ಲಿ ಒಂದು ಸುತ್ತು ಕೈ ಪಳಗಿದ ಮೇಲೆ ಅದೇ ಬೋರ್ಡ್, ಅದೇ ಪ್ರೋಗ್ರಾಂ ಬೇರೆ ಕಡೆ ಹೋಗುತ್ತೆ: ನರ್ಸರಿಯ ರಾತ್ರಿ ಉಷ್ಣಾಂಶ, ಅಣಬೆ ಕೋಣೆ, ಎರೆಗೊಬ್ಬರದ ತೊಟ್ಟಿ. ಎರೆಹುಳುವಿಗೆ 35 ಡಿಗ್ರಿ ದಾಟಿದ್ರೆ ಕಷ್ಟ, ಏಪ್ರಿಲ್ ಮಧ್ಯಾಹ್ನ ತೊಟ್ಟಿಯೊಳಗೆ ಎಷ್ಟಾಗುತ್ತೆ ಅಂತ ನೋಡಿದವರು ಕಡಿಮೆ. ಮಣ್ಣಿನ ತೇವದ ಅಗ್ಗದ ಸೆನ್ಸರುಗಳಲ್ಲಿ ಬಹಳಷ್ಟು ಅನಲಾಗ್. ಪೈಗೆ ಅದನ್ನ ನೇರ ಓದೋಕೆ ಬರಲ್ಲ, ಎಡಿಎಸ್1115 ಥರದ ಪರಿವರ್ತಕ ನಡುವೆ ಬೇಕು. ಅದನ್ನ ಎರಡನೇ ಪಾಠಕ್ಕೆ ಇಟ್ಕೊಳ್ಳಿ.

ಈ ವಾರ ಬೋರ್ಡ್ ತರೋಕೆ ಆಗದವರು ಸರಳನ್ನೇ ಚುಚ್ಚಿ, ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ನೋಡಿ, ಫೋನಿನ ನೋಟ್ಸ್‌ನಲ್ಲಿ ಬಿಸಿ, ಬೆಚ್ಚಗೆ, ತಣ್ಣಗೆ ಅಂತ ಬರೆದಿಡೋಕೆ ಶುರು ಮಾಡಿ. ಬರೆದಿಡೋ ಅಭ್ಯಾಸ ಬಂದವರಿಗೆ ಪೈ ಅಂಕಿ ಸೇರಿಸಿ ಕೊಡುತ್ತೆ. ಆ ಅಭ್ಯಾಸ ಇಲ್ಲದಿದ್ರೆ ಎಷ್ಟು ಸಾವಿರದ ಯಂತ್ರ ತಂದ್ರೂ ಅದು ಬಾಕ್ಸಿನಲ್ಲೇ ಧೂಳು ತಿನ್ನುತ್ತೆ.